ಅಂಗೈ ಕರ್ಪೂರ

ಶಿಗ್ಗಾಂವಿ ಕ್ಯಾಂಪ್
ತಾ. 3 ನವೆಂಬರ್ 1958

ಹಾನಗಲ್ಲ ದವಾಖಾನೆಯಲ್ಲಿ ನೆರೆದಿರುವ ಮಹಾಜನರೆ, ಕೆಮ್ಮುವವರೆ, ನರಳುವವರೆ, ಸೂಜಿಗೆ ಹೆದರಿ ಬಾಗಿಲ ಹೊರಗೇ ನಿಂತ ವೀರರೆ, ಉಡಿಯೊಳಗೆ ಕೂಸು ಹಾಕಿಕೊಂಡು ಬಂದ ತಾಯಂದಿರೆ, ಎಲ್ಲರೂ ಗದ್ದಲ ನಿಲ್ಲಿಸಿ ಕಿವಿಗೊಡಬೇಕು. ಈಗ ನಿಮ್ಮೆದುರು ಮಾತಾಡುತ್ತಿರುವವನು ಶ್ರೀ ಕದಂಬೇಶ್ವರ ಪ್ರಸಾದಿತ ನಾಟ್ಯಸಂಘದ ರಾಜಾಪಾರ್ಟಿನ ನಟ, ತಿಳವಳ್ಳಿಯ ಉಳಿವೆಪ್ಪ. ನಿಮ್ಮ ಡಾಕ್ಟರ್ ಹಯಾತ ನನ್ನ ಕಾಗದಗಳನ್ನು ನಿಮಗೆ ಓದಿ ಹೇಳುತ್ತಾನೆಂಬ ಸುದ್ದಿ ನನಗೆ ಮುಟ್ಟಿದೆ. ಓದಲಿ. ಔಷಧಕ್ಕಿಂತ ಮೊದಲು ಒಂದಿಷ್ಟು ನಗು ಹೊಟ್ಟೆಗೆ ಇಳಿಯಲಿ. ಸವಣೂರ ಸಾಲಿಯಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತವರು. ಅವನು ಬರೆಯುತ್ತಿದ್ದ, ನಾನು ಕೂಗುತ್ತಿದ್ದೆ. ಬರೆದವ ಡಾಕ್ಟರಾದ, ಕೂಗಿದವ ರಾಜನಾದ.

ಲೇ ಹಯಾತ, ಇನ್ನ ನಿನಗ. ಹಳ್ಳಿಗೆ ಹೊಸದಾಗಿ ಬರೋ ಡಾಕ್ಟರಿಗೆ, ಕಂಪೌಂಡರಿಗೆ ಸಾಮಾನ್ಯ ರೋಗ ಲಗೂನ ಗುರುತು ಹಿಡಿಯಾಕ ಒಂದು ಕೈಪಿಡಿ ಬರದೇನಿ, ಕನ್ನಡ ನೆಟ್ಟಗೈತೇನು ನೋಡು ಅಂತ ಕಳಿಸಿದ್ದೆಲ್ಲ, ನೋಡಿದೆ. ಕನ್ನಡ ನೆಟ್ಟಗೈತಿ. ಆದ್ರ ಹೆಣದಂಗ ನೆಟ್ಟಗೈತಿ. ‘ಪಾಂಡುರೋಗ’ ಅಂತಿಯಲ್ಲ, ಅದನ್ನ ಕೇಳಿದ ಮುದುಕಿ ಪಂಢರಾಪುರಕ್ಕ ಹೋಗಬೇಕೇನೋ ಅನ್ಕೋತಾಳ. ‘ರಕ್ತ ಕಡಿಮಿ’ ಅನ್ನು, ಮುಗೀತು. ‘ಶ್ವಾಸಕೋಶದ ಉರಿಯೂತ’ ನನ್ನ ನಾಲಿಗಿ ಮ್ಯಾಲೇ ಹೊರಳಲಿಲ್ಲ. ನಾಕು ಪುಟದ ಮಾತು ಒಂದೇ ಉಸುರಿನಾಗ ಹೇಳೋ ನಾಲಿಗಿ ಇದು.

ಇನ್ನೊಂದು ತಕರಾರು. ನಿನ್ನ ರೋಗಗಳೆಲ್ಲಾ ಒಂದೇ ದನಿಯಾಗ ಮಾತಾಡತಾವ. ಪ್ರತಿಯೊಂದು ಪಾತ್ರಕ್ಕೂ ಒಂದು ಪ್ರವೇಶ ಇರಬೇಕೋ ಮಾರಾಯಾ. ಮಲೇರಿಯಾ ನಡುಗಿಕೋತ ಬಂದು, ಬೆವತು, ಹೋದಂಗ ಮಾಡಿ ದಿನ ಬಿಟ್ಟು ತಿರುಗಿ ಬರತೈತಿ, ಅದು ಖಳನಾಯಕ. ಕಾಮಾಲಿ ಮೊದಲ ಕಣ್ಣಿಗೆ ಹಳದಿ ಹಚಗೊಂಡು ಆಮ್ಯಾಲ ಮೈಗೆ ಹಚ್ಚತೈತಿ. ಕ್ಷಯ ಬರೂದು ಸಂಜಿಮುಂದ, ಗಲ್ಲ ಕೆಂಪಗ ಮಾಡಿಕೊಂಡು, ದುಃಖದ ನಾಯಕಿಯಂಗ. ಹಿಂಗ ಬರಿ. ಕಂಪೌಂಡರ್ ಬಾಗಿಲದಾಗ ನೋಡೇ ಗುರುತು ಹಿಡೀಲಿ.

ನನ್ನ ಸುದ್ದಿ ಕೇಳು. ‘ರಾಜಾ ಸತ್ಯಧ್ವಜ’ ನಾಟಕಕ್ಕ ಶಿಗ್ಗಾಂವಿ ಮಂದಿ ಗ್ಯಾಸಬತ್ತಿ ಕಂಬ ಅಪ್ಪಿಕೊಂಡು ನಿಂದರತಾರ. ಕಡೀ ಅಂಕದಾಗ ರಾಣಿ ಮ್ಯಾಲ ಅಪವಾದ ಬರತೈತಿ. ರಾಜಾ ಎಡಗೈಯಾಗ ಕರ್ಪೂರ ಹಚ್ಚಿ ಆಕಿ ನಿರ್ದೋಷಿ ಅಂತ ಆಣಿ ಮಾಡತಾನ. ಅಂಗೈಯಾಗ ಹಸಿಮಣ್ಣಿನ ಬಿಲ್ಲಿ ಮರೆಮಾಡಿ ಇಟಗೊಂಡು ಅದರ ಮ್ಯಾಲ ಕರ್ಪೂರ ಇಡೂದು ನಮ್ಮ ಕಂಪನಿ ಪದ್ಧತಿ. ದಸರಾ ಮುಂದ ಒಮ್ಮೆ ಬಿಲ್ಲಿ ಇಟಗೋಳೂದು ಮರೆತೆ. ಕರ್ಪೂರ ಬರಿ ತೊಗಲಿನ ಮ್ಯಾಲ ಉರೀತು. ಹಯಾತ, ಸುಡಲೇ ಇಲ್ಲ. ಕಿರುಬೆರಳ ಬುಡದಾಗ ಬೊಬ್ಬಿ ಎದ್ದಿತ್ತು, ನನಗ ಗೊತ್ತೂ ಆಗಿರಲಿಲ್ಲ. ಅವತ್ತಿಂದ ಬಿಲ್ಲಿ ಒಗದೇನಿ. ಮಾಲಕ ಹೊಳಬಸಪ್ಪ ಹ್ಯಾಂಡಬಿಲ್ಲಿನಾಗ ‘ಬರಿಗೈಯಲ್ಲಿ ಅಗ್ನಿ’ ಅಂತ ಅಚ್ಚು ಹಾಕಿಸ್ಯಾನ. ಹೆಣ್ಮಕ್ಕಳು ಗ್ರೀನ್‌ರೂಮಿಗೆ ಬಂದು ಕೈ ಮುಗದು ಹೋಗತಾರ.

ಇನ್ನೊಂದು ವಿಶೇಷ. ಗ್ಯಾಸಬತ್ತಿ ಝಳಕ್ಕ ಎಲ್ಲಾರ ಬಣ್ಣ ಬೆವರಿನಾಗ ಇಳದು ಹೋಗತೈತಿ. ನನ್ನ ಎಡಮುಂಗೈ ಮ್ಯಾಲ ಒಂದು ಜಾಗಾ ಐತಿ, ಅಂಗೈಯಷ್ಟಗಲ, ಅಲ್ಲೆ ಬೆವರೇ ಬರೂದಿಲ್ಲ. ಬಣ್ಣ ಹಚ್ಚಿದ್ದು ಹಚ್ಚಿದಂಗ. ಮೈಯೆಲ್ಲಾ ಹಿಂಗ ಇದ್ದಿದ್ರ ಬಣ್ಣದ ಖರ್ಚು ಉಳೀತಿತ್ತು ಅಂತಾನ ಹೊಳಬಸಪ್ಪ.

ಇಂತಿ ನಿನ್ನ
ಉಳಿವೆಪ್ಪ

*

ಹಾನಗಲ್ಲ
ತಾ. 9 ನವೆಂಬರ್ 1958

ಉಳಿವೆಪ್ಪ,

ಕಾಗದ ಮುಟ್ಟಿತು. ಮೊದಲ ಭಾಗ ಗಟ್ಟಿಯಾಗಿ ಓದಿದೆ, ಕುಂತವರು ನಕ್ಕರು. ಸೂಜಿಗೆ ಹೆದರಿ ಹೊರಗ ನಿಂತಿದ್ದ ಒಬ್ಬಾಂವ ನಾಚಿ ಒಳಗ ಬಂದ. ಕರ್ಪೂರದ ಮಾತು ಬಂತು, ಅದನ್ನೂ ಓದಿದೆ. ಬೆವರಿನ ಮಾತು ಬಂದಾಗ ನಿಲ್ಲಿಸಿದೆ. ಕಾಗದ ಮಡಚಿ ಕಿಸೇದಾಗ ಇಟಗೊಂಡೆ. ಮುಂದೇನಾತ್ರಿ ಅಂತ ಕೇಳಿದ್ರು. ಮುಗೀತು ಅಂದೆ.

ನಿನ್ನ ತಿದ್ದುಪಡಿ ಎಲ್ಲಾ ಒಪ್ಪಿಕೊಂಡೇನಿ. ‘ರಕ್ತ ಕಡಿಮಿ’ ಅಂತಲೇ ಹಾಕೇನಿ. ಪ್ರವೇಶದ ಮಾತೂ ಚಲೋ ಐತಿ. ರೋಗಕ್ಕೊಂದು ಪುಟ ಮಾಡಿ, ಮೊದಲ ಕಣ್ಣಿಗೆ ಬೀಳೋ ಗುರುತನ್ನ ಮ್ಯಾಲ ಬರ್ಯಾಕತ್ತೇನಿ.

ಈಗ ನಾ ಕೇಳೂದಕ್ಕ ನಾಟಕದ ಮಾತಿಲ್ಲದ ಉತ್ತರ ಬೇಕು. ಬೆವರು ಬಾರದ ಆ ಜಾಗಾ ಉಳಿದ ತೊಗಲಿಗಿಂತ ಬಿಳಚೈತೇನು? ಅಲ್ಲೆ ಕೂದಲಾ ಉದುರ್ಯಾವೇನು? ಮೊಣಕೈ ಹಿಂದ ಎಲುಬಿನ ಸಂದ್ಯಾಗ ಬೆರಳಿಂದ ಒತ್ತಿ ನೋಡು, ಹುರಿ ಹಗ್ಗದಂಥಾದ್ದು ದಪ್ಪಗ ಹತ್ತತೈತೇನು? ಎಡಗೈ ಕಿರುಬೆರಳು ಪೂರಾ ಚಾಚಾಕ ಬರತೈತೇನು?

ಇನ್ನೊಂದು ಮಾಡು. ಕಣ್ಣು ಮುಚ್ಚಿ ಕುಂದರು. ನಿನ್ನ ಹೆಂಡ್ತಿ ಸಾವಂತ್ರವ್ವ ಹತ್ತಿ ಎಳಿ ಹೊಸದು, ಅದರ ತುದಿ ಆ ಜಾಗಕ್ಕ, ಅಂಗೈಗೆ, ಬೆರಳಿಗೆ ಮುಟ್ಟಸ್ಲಿ. ಮುಟ್ಟಿದಾಗೆಲ್ಲಾ ನೀ ಹೂಂ ಅನ್ನು. ಅಷ್ಟ. ಏನಾತು ಅಂತ ಬರಿ.

ಅಲ್ಲೀತನಾ ಕರ್ಪೂರ ಬ್ಯಾಡ. ಇದು ಗೆಳೆಯನ ಮಾತಲ್ಲ, ಡಾಕ್ಟರನ ಮಾತು.

ಹಯಾತ

*

ಶಿಗ್ಗಾಂವಿ ಕ್ಯಾಂಪ್
ತಾ. 24 ನವೆಂಬರ್ 1958

ಹಯಾತ,

ಈ ಕಾಗದ ಯಾರಿಗೂ ಓದಬ್ಯಾಡ. ಓದಿದ್ರೂ ಇದರಾಗ ನಗು ಇಲ್ಲ.

ನಿನ್ನ ಪರೀಕ್ಷಾ ಆತು. ಸಾವಂತ್ರಿ ಬಾಗಿಲ ಹಾಕಿ, ವಿಗ್ಗು ಹೊಲಿಯೋ ಹತ್ತಿಯೊಳಗ ಒಂದು ಎಳಿ ತಗದು ಮುಟ್ಟಿಸಿದಳು. ಎಷ್ಟು ಸಲ ಮುಟ್ಟಿಸಿದಳೋ ಅಷ್ಟೂ ಸಲ ಹೂಂ ಅಂದೆ. ಒಂದೂ ತಪ್ಪಲಿಲ್ಲ. ಮುಂಗೈ ಮ್ಯಾಲ, ಅಂಗೈಯಾಗ, ಕಿರುಬೆರಳ ಮ್ಯಾಲ, ಎಲ್ಲಾ ಕಡೆ ಹೂಂ. ಮುಗೀತಿಲ್ಲೊ ಡಾಕ್ಟರಾ?

ಬಿಳಚೈತೇನು ಅಂತ ಕೇಳಿದಿ. ಐತಿ. ಹದಿನೆಂಟು ವರ್ಷ ಸಫೇದಾ ಬಣ್ಣ ಬಡಕೊಂಡ ತೊಗಲು ಕಪ್ಪಗಿರತೈತೇನು? ಬಣ್ಣದವರ ಮೈಮ್ಯಾಲ ಒಂದೆರಡು ಬಿಳಿ ಕಲಿ ಇರಾವ. ಮೊಣಕೈ ಒತ್ತಿ ನೋಡಿಲ್ಲ. ಬೆರಳು ಚಂದಂಗ ಅದಾವ.

ಕರ್ಪೂರ ನಿಲ್ಲಸಾಕ ಆಗಂಗಿಲ್ಲ. ಸವಣೂರ ಕ್ಯಾಂಪಿನ ಹ್ಯಾಂಡಬಿಲ್ಲೂ ಅಚ್ಚಾಗಿ ಬಂದಾವ. ನಾ ಹೊಳಬಸಪ್ಪಗ ಒಮ್ಮೆ ಅಂದು ನೋಡಿದೆ, ಈ ಊರು ಮುಗಿದ ಮ್ಯಾಲ ಬಿಲ್ಲಿ ಇಟಗೊಂಡೇ ಮಾಡೂಣೇನ್ರಿ ಅಂತ. ‘ಯಾಕ, ಸುಡಾಕತ್ತೇನು?’ ಅಂದ. ಇಲ್ರಿ ಅಂದೆ. ‘ಸುಡದಿದ್ರ ದೇವರು ಕೊಟ್ಟಾನ. ಕೊಟ್ಟದ್ದನ್ನ ಮಣ್ಣಾಗ ಮುಚ್ಚತೀಯೇನು?’ ಅಂದ.

ಗೆಳೆಯಾ, ಕೈಪಿಡಿ ಬರಕೋತ ಕುಂತು ಕುಂತು ನಿನ್ನ ಕಣ್ಣಿಗೆ ಕಂಡವರೆಲ್ಲಾ ರೋಗಿಗಳಾಗ್ಯಾರ. ಒಂದಿನ ನಾಟಕಕ್ಕ ಬಾ. ಮುಂದಿನ ಸಾಲಿನಾಗ ಕುರ್ಚಿ ಹಾಕಸ್ತೇನಿ. ಕುರ್ಚಿ ಮ್ಯಾಲ ಕುಂತು ನೋಡು, ಬಗ್ಗಿ ನೋಡಬ್ಯಾಡ.

ಉಳಿವೆಪ್ಪ

*

ಹಾನಗಲ್ಲ
ತಾ. 20 ಜನವರಿ 1959

ಉಳಿವೆಪ್ಪ,

ನಡುವ ಬರದ ಎರಡು ಕಾಗದಕ್ಕ ನಿನ್ನ ಉತ್ತರ ಬರಲಿಲ್ಲ. ಅದಕ್ಕ ಐತವಾರ ನಾನ ಸವಣೂರಿಗೆ ಬಂದೆ. ಹುಟ್ಟಿದ ಊರು, ತಂಬುವಿಗೆ ಹಾದಿ ಯಾರನ್ನೂ ಕೇಳಬೇಕಾಗಲಿಲ್ಲ. ಉಳಿವೆಪ್ಪ ಬಂಕಾಪುರದ ಕೋಟಿ ನೋಡಾಕ ಹೋಗ್ಯಾರ್ರಿ ಅಂದ್ರು. ನಿನ್ನ ಟ್ರಂಕಿನ ಮ್ಯಾಲ ಚಾದ ಕಪ್ಪು ಇತ್ತು. ಅರ್ಧ ಕುಡದದ್ದು. ಇನ್ನೂ ಹಬಿ ಏಳತಿತ್ತು. ಸಾವಂತ್ರವ್ವ ನೆಲಾ ನೋಡಿಕೋತ ನಿಂತಿದ್ದಳು. ಆ ಕಪ್ಪಿನಾಗ ಉಳಿದ ಚಾ ಕುಡದು ಎದ್ದು ಬಂದೆ. ಕುಡದದ್ದನ್ನ ಆಮ್ಯಾಲ ಆಕಿ ನಿನಗ ಹೇಳಿರಬೇಕು, ಇಲ್ಲಾ ಹೇಳಿರಲಿಕ್ಕಿಲ್ಲ. ಯಾಕ ಕುಡದೆ ಅನ್ನೂದನ್ನ ನಾನ ಹೇಳತೇನಿ.

ನನಗ ಬಂದ ಸಂಶಯದ ಹೆಸರು ಕುಷ್ಠ. ದೊಡ್ಡರೋಗ ಅಂತ ಮಂದಿ ಅನ್ನೂದು ಇದಕ್ಕ. ಬರದೇನಿ, ಇನ್ನ ನಾವಿಬ್ಬರೂ ಅದರ ಸುತ್ತ ತಿರುಗೂದು ಬ್ಯಾಡ.

ತೊನ್ನಾದ್ರ ತೊಗಲು ಬಿಳೀ ಆಗತೈತಿ, ಸ್ಪರ್ಶ ಇರತೈತಿ. ಸಫೇದಾದಿಂದ ಕಲಿ ಬಿದ್ರೂ ಸ್ಪರ್ಶ ಇರತೈತಿ. ಬಿಳಚಿ, ಬೆವರು ನಿಂತು, ಬೆಂಕಿ ಇಟ್ರೂ ತಿಳೀದಿದ್ರ ಅದು ಬ್ಯಾರೆ. ನೀ ರೋಗಕ್ಕೊಂದು ಪ್ರವೇಶ ಬೇಕು ಅಂದಿ. ಇದು ಬಂದದ್ದು ಯಾರಿಗೂ ಕಾಣೂದಿಲ್ಲ. ನೋವು ಹೋದದ್ದರ ಮ್ಯಾಲಿಂದ ಇದು ಬಂದೈತಿ ಅಂತ ತಿಳಕೋಬೇಕು.

ನೀ ಅಂಜಿದಷ್ಟು ದೊಡ್ಡದಲ್ಲ. ಒಂದೋ ಎರಡೋ ಕಲಿ ಇದ್ದವರಿಂದ ಮತ್ತೊಬ್ಬರಿಗೆ ಹತ್ತೂದು ಅಪರೂಪ. ಅದಕ್ಕ ನಾ ಆ ಚಾ ಕುಡದೆ. ಈಗ ಗುಳಿಗಿ ಬಂದಾವ. ವರ್ಷಗಟ್ಟಲೆ ತಗೋಬೇಕು, ಆದ್ರ ಮನ್ಯಾಗ ಇದ್ದು ತಗೋಬಹುದು, ರಂಗದ ಮ್ಯಾಲ ಇದ್ದೂ ತಗೋಬಹುದು. ರೋಗ ನಿಲ್ಲತೈತಿ. ನಿಲ್ಲಾರದ್ದು ಬ್ಯಾರೆ ಐತಿ. ಸುಟ್ಟ ಬೆರಳು ತಿರುಗಿ ಬರೂದಿಲ್ಲ. ಮೊಣಕೈ ನರ ಪೂರಾ ಸತ್ರ ಎಡಗೈ ಬೆರಳು ಒಳಗ ಮಡಚಿಕೊಂಡು ಕುಂದರತಾವ, ಆಮ್ಯಾಲ ಯಾವ ಗುಳಿಗಿಯಿಂದಲೂ ಬಿಚ್ಚಂಗಿಲ್ಲ. ಈಗ ಬಂದ್ರ ಕೈ ಉಳೀತೈತಿ ಅಂತ ನನ್ನ ಲೆಕ್ಕ. ಮಳಿಗಾಲದಾಗ ಬಂದ್ರ ಆ ಮಾತು ಹೇಳಾಕ ಆಗಂಗಿಲ್ಲ.

ಬಾ.

ಹಯಾತ

*

ಸವಣೂರ ಕ್ಯಾಂಪ್
ತಾ. 11 ಫೆಬ್ರುವರಿ 1959

ಡಾಕ್ಟರ ಅಣ್ಣಾವರಿಗೆ ಸಾವಂತ್ರವ್ವನ ನಮಸ್ಕಾರಗಳು.

ನಾನು ಮೊದಲು ಸಖಿ ಪಾರ್ಟ ಮಾಡುವಾಗ ಮಾತು ಬಾಯಿಪಾಠ ಮಾಡಾಕ ಅಂತ ಅಕ್ಷರ ಕಲ್ತಾಕಿರಿ. ತಪ್ಪಿದ್ರ ತಿದ್ದಿಕೊಂಡು ಓದ್ರಿ. ನಾ ಬರದದ್ದು ಇವರಿಗೆ ಗೊತ್ತಿಲ್ಲರಿ.

ನಿಮ್ಮ ಕಾಗದ ಇವರು ಓದಿ ವಿಗ್ಗಿನ ಪೆಟಗಿಯೊಳಗ ಹಾಕಿದ್ರು. ನಾನೂ ತಗದು ಓದಿದೆ. ಅವತ್ತು ಹತ್ತಿ ಮುಟ್ಟಿಸಿದಾಗ ಎಲ್ಲಾ ಬರೋಬ್ಬರಿ ಹೇಳಿದ್ರು ಅಂತ ನಿಮಗ ಬರದಾರಲ್ರಿ, ಅದು ಸುಳ್ಳಲ್ಲರಿ. ಖರೇನೂ ಅಲ್ಲರಿ. ನಾ ಮುಟ್ಟಿಸಿದಾಗೆಲ್ಲಾ ಹೂಂ ಅಂದ್ರು. ನನಗ ಸಮಾಧಾನ ಆತ್ರಿ. ನಿಮ್ಮ ಕಾಗದ ಓದಿದ ಮರುದಿನ ಬಟ್ಟಿ ಒಗೆಯೂಮುಂದ ವಿಚಾರ ಬಂತು. ನನ್ನ ಎರಡೂ ಕೈತುಂಬ ಬಳಿ ಅದಾವ್ರಿ. ಮುಟ್ಟಸಾಕ ಕೈ ಮುಂದ ತಂದ್ರ ಸಪ್ಪಳ ಆಗತಾವ. ರಂಗದ ಮ್ಯಾಲ ಎದುರಿನವರ ಗೆಜ್ಜಿ ಸಪ್ಪಳಕ್ಕ ಮಾತು ಎತ್ತಿ ರೂಢಿ ಆದವರು ಅವರು. ಕಣ್ಣು ಕಟ್ಟಿದ್ರೂ ಎಲ್ಲಿ ಯಾವಾಗ ಮಾತಾಡಬೇಕು ಅನ್ನೂದು ತಪ್ಪೂದಿಲ್ಲರಿ.

ಅದಕ್ಕ ಮತ್ತೊಮ್ಮೆ ನೋಡೂಣ ಬರ್ರಿ ಅಂದೆ. ‘ಏನ, ನೀನೂ ಡಾಕ್ಟರಿಕಿ ಕಲ್ತೇನು?’ ಅಂತ ಚಾಷ್ಟಿ ಮಾಡಿದ್ರು. ಕಣ್ಣು ಮುಚ್ಚಿ ಕುಂತ್ರು. ನಾ ಬಳಿ ಅಲಗಾಡಿಸಿ ಕೈ ಹಿಂದಕ್ಕ ತಗೊಂಡೆ. ಮುಟ್ಟಲಿಲ್ಲ. ಹೂಂ ಅಂದ್ರು. ಮತ್ತ ಹಂಗ ಮಾಡಿದೆ. ಮತ್ತ ಹೂಂ ಅಂದ್ರು. ಆಮ್ಯಾಲ ಸಾವಕಾಶ ಬಳಿಗೆ ಸೆರಗು ಸುತ್ತಿಕೊಂಡೆ, ಸಪ್ಪಳ ಬರದಂಗ. ಹತ್ತಿ ಮುಟ್ಟಿಸಿದೆ. ಸುಮ್ಮನ ಕುಂತಿದ್ರು. ಕಿರುಬೆರಳಿಗೆ ಮುಟ್ಟಿಸಿದೆ, ಮುಂಗೈ ಕಲಿ ಮ್ಯಾಲ ಮುಟ್ಟಿಸಿದೆ. ಕಡೀಕ ಉಗುರಿಂದ ಒತ್ತಿದೆ. ಮುಖ ಹಂಗೇ ಇತ್ತು. ‘ಯಾಕ, ಶುರು ಮಾಡವಲ್ಲಿ?’ ಅಂದ್ರು.

ಮುಗೀತ್ರಿ ಅಂದೆ. ಕಣ್ಣು ತಗದು ನನ್ನ ಸೆರಗು ಸುತ್ತಿದ ಕೈ ನೋಡಿದ್ರು. ಆವತ್ತು ರಾಜಾ ಪಾರ್ಟ ಹೆಂಗ ಮಾಡಬೇಕೋ ಹಂಗ ಮಾಡಿದ್ರು. ಕರ್ಪೂರಾನೂ ಹಚ್ಚಿದ್ರು.

ಅಣ್ಣಾರ, ನಾ ಏನು ಮಾಡ್ಲಿರಿ? ಕಂಪನಿಯವರಿಗೆ ಹೇಳಿದ್ರ ನಮ್ಮನ್ನ ಕಂಪನಿ ಬಿಡಸ್ತಾರ. ಹೇಳದಿದ್ರ ಕೈ ಹೋಗತೈತಿ. ಸಿಟ್ಟು ಮಾಡಿದ್ರ ನಾ ತಡಕೋತಿದ್ದೆ, ಅತ್ರ ಸಮಾಧಾನ ಹೇಳತಿದ್ದೆ. ಅವರು ಏನೂ ಮಾಡವಲ್ರು.

ನಿಮ್ಮ ತಂಗಿ
ಸಾವಂತ್ರವ್ವ

*

ಹಾನಗಲ್ಲ
ತಾ. 15 ಫೆಬ್ರುವರಿ 1959

ತಂಗಿ ಸಾವಂತ್ರವ್ವಗ,

ನೀ ಮಾಡಿದ ಪರೀಕ್ಷಾ ಚಲೋ ಆತು. ನಾ ಹೇಳಿಕೊಟ್ಟ ರೀತಿಯೊಳಗ ತೂತು ಇತ್ತು.

ದಿನಾ ಅವನ ಎರಡೂ ಕೈ, ಎರಡೂ ಪಾದ ಬೆಳಕಿನಾಗ ನೋಡು. ಬೊಬ್ಬಿ, ಕೊಯ್ತ, ಕೆಂಪು ಕಂಡ್ರ ತೊಳದು ಸ್ವಚ್ಛ ಅರಿವಿ ಕಟ್ಟು. ಬಿಸಿ ಚರಿಗಿ, ಬಿಸಿ ಚಾದ ಕಪ್ಪು ಎಡಗೈಯಾಗ ಕೊಡಬ್ಯಾಡ. ನಿನ್ನ ಮೈಮ್ಯಾಲೂ ಇಂಥಾ ಕಲಿ ಐತೇನು ನೋಡಿಕೋ. ಇರಲಿಕ್ಕಿಲ್ಲ, ಆದ್ರೂ ನೋಡಿಕೋ. ಅವನ ಜೋಡಿ ಒಂದೇ ತಾಟಿನಾಗ ಉಂಡ್ರ ಏನೂ ಆಗಂಗಿಲ್ಲ.

ಕಂಪನಿಯವರಿಗೆ ಹೇಳೂದು ಬಿಡೂದು ಅವನಿಗೆ ಬಿಟ್ಟದ್ದು. ನಾ ಯಾರಿಗೂ ಹೇಳೂದಿಲ್ಲ. ಆದ್ರ ಗುಳಿಗಿಯನ್ನ ಟಪಾಲಿನಾಗ ಕಳಸಾಕ ಬರಂಗಿಲ್ಲ. ನರ ಕೈಯಿಂದ ಮುಟ್ಟಿ ನೋಡಬೇಕು, ತೊಗಲಿನ ತಪಾಸಣಿ ಆಗಬೇಕು. ಅವನು ಬರಬೇಕು. ಎಳಕೊಂಡು ಬರಬ್ಯಾಡ, ಎಳಕೊಂಡು ಬಂದವರು ಗುಳಿಗಿ ನಡುವ ಬಿಡತಾರ.

ಅಣ್ಣ
ಹಯಾತ

*

ಹಿರೇಕೆರೂರ ಕ್ಯಾಂಪ್
ತಾ. 22 ಮಾರ್ಚ್ 1959

ಹಯಾತ,

ಬಲಗೈಯಿಂದ ಬರ್ಯಾಕತ್ತೇನಿ. ಎಡಗೈಗೆ ಅರಿವಿ ಕಟ್ಟೈತಿ.

ನಿನ್ನೆ ಸಂತಿಗೆ ಬಂದ ಹತ್ತಿ ವ್ಯಾಪಾರದ ಮಂದಿಯೆಲ್ಲಾ ಆಟಕ್ಕ ನಿಂತಿತ್ತು. ತಂಬು ತುಂಬಿತ್ತು. ಕರ್ಪೂರ ಹಚ್ಚಬಾರದು ಅಂತ ಒಳಗ ಹೋಗೂತನಕಾ ಅನಕೊಂಡಿದ್ದೆ. ಬಿಲ್ಲಿ ಮಾಡಿ ಸಾವಂತ್ರಿ ಅಂಗೈಯಾಗ ಇಟ್ಟಿದ್ದಳು. ಪ್ರವೇಶಕ್ಕ ಮೊದಲ ಅದನ್ನ ತಗದು ಪೆಟಗಿ ಮ್ಯಾಲ ಇಟ್ಟೆ. ಯಾಕ ಇಟ್ಟೆ ಅಂತ ಕೇಳಿದ್ರ ತಂಬು ತುಂಬಿತ್ತು ಅಂತ ಹೇಳೇನು. ಬ್ಯಾರೆ ಕಾರಣ ಹುಡುಕಿ ನೋಡಿದೆ, ಸಿಗಲಿಲ್ಲ.

ಆಣಿ ಮಾತು ಉದ್ದ ಐತಿ, ನಿನಗ ಗೊತ್ತು. ನಡುವ ಸುಟ್ಟ ವಾಸನಿ ಬಂತು. ಯಾರೋ ಹಿಂದ ಅಡಗಿ ಹೊತ್ತಿಸ್ಯಾರ ಅನಕೊಂಡೆ. ರಾಣಿ ಪಾರ್ಟಿನಾಕಿ ಮೂಗಿಗೆ ಸೆರಗು ಹಿಡದಳು. ನಾಟಕದಾಗ ಹಂಗ ಇಲ್ಲ. ನಾ ಮಾತು ಪೂರಾ ಮುಗಿಸಿದೆ. ಮಂದಿ ಚಪ್ಪಾಳಿ ಹೊಡದ್ರು. ಪರದೆ ಬಿದ್ದ ಮ್ಯಾಲ ನೋಡಿದ್ರ ಕಿರುಬೆರಳ ಬುಡ ಕರ್ರಗಾಗಿತ್ತು. ವಾಸನಿ ಅಲ್ಲಿಂದ ಬಂದದ್ದು. ನೋಡಿಕೋತ ನಿಂತೆ. ಯಾರದೋ ಕೈ ನೋಡಿದಂಗಾತು. ಸಾವಂತ್ರಿ ತೊಳದು ಕಟ್ಟಿದಳು. ಉಂಗುರಬೆರಳು ಕಿರುಬೆರಳು ಎರಡೂ ಪೂರಾ ಚಾಚಾಕ ಬರೂದಿಲ್ಲ ಅಂತ ಆವಾಗ ಬೆರಳು ಬಿಚ್ಚಾಕ ಹೋಗಿ ತಿಳಕೊಂಡೆ. ಉಳಿದವು ಚಾಚತಾವ.

ಇವತ್ತು ಮಧ್ಯಾಹ್ನ ಊಟಕ್ಕ ಎಲ್ಲಾರೂ ಕೂಡಿದಾಗ ಹೇಳಿದೆ. ಹೆಂಗ ಹೇಳೂದು ಗೊತ್ತಾಗಲಿಲ್ಲ. ಸಣ್ಣ ದನಿಯಾಗ ಮಾತಾಡೂದು ನನಗ ರೂಢಿ ಇಲ್ಲ. ಎದ್ದು ನಿಂತು, ಕಡೀ ಸಾಲಿಗೂ ಕೇಳಿಸುವಂಗ, ನನಗ ಕುಷ್ಠ ಐತ್ರಿ, ಹಾನಗಲ್ಲ ಡಾಕ್ಟರು ಬರದಾರ ಅಂದೆ. ಹೊರಗ ನೀರು ಹೊತಗೊಂಡು ಹೊಂಟ ಹೆಣ್ಮಕ್ಕಳೂ ನಿಂತು ಕೇಳಿದ್ರು.

ಯಾರೂ ಬೈಲಿಲ್ಲ. ಬೈತಾರ ಅಂತ ತಯಾರಾಗಿದ್ದೆ, ಉತ್ತರ ಸುದ್ದಾ ಕಟ್ಟಿ ಇಟ್ಟಿದ್ದೆ. ಹೊಳಬಸಪ್ಪ, ‘ಹೇಳಬಾರದಿತ್ತೋ ಉಳಿವೆಪ್ಪ. ಹೇಳದಿದ್ರ ನಾನೂ ಕೇಳತಿರಲಿಲ್ಲ’ ಅಂದ. ಅಷ್ಟ. ಅಡಗೀಯಾಂವ ನನ್ನ ಪತ್ರಾಳಿ ಎತ್ತಿ ಬಾಗಿಲದ ಹತ್ರ, ತಂಬಿನ ಹಗ್ಗ ಬಿಗದಲ್ಲೆ ಹಾಕಿದ. ಕೆಟ್ಟ ಮನಸ್ಸಿನಿಂದ ಅಲ್ಲ. ನೆಲಾ ಸಾರಿಸಿ ಹಾಕಿದ, ಅನ್ನಾನೂ ಜಾಸ್ತಿ ಬಡಿಸಿದ. ಸಾವಂತ್ರಿ ತನ್ನ ಪತ್ರಾಳಿ ಎತಗೊಂಡು ಬಂದು ಬಾಜೂಕ ಕುಂತಳು. ನಾವು ಉಂಡ್ವಿ. ಸಾರಿಗೆ ಉಪ್ಪು ಕಡಿಮಿ ಇತ್ತು.

ಇವತ್ತಿನ ಆಟಕ್ಕ ರಾಜಾ ಪಾರ್ಟಿಗೆ ಬ್ಯಾರೆಯವನ್ನ ತಯಾರು ಮಾಡಾಕತ್ತಾರ. ತಂಬಿನ ಆ ಕಡೆಯಿಂದ ಕೇಳಸ್ತೈತಿ. ಆಣಿ ಮಾತಿನ ನಡುವ ಉಸುರು ಬಿಡತಾನ. ಹೋಗಿ ತಿದ್ದಬೇಕು ಅನಿಸಿತು, ಏಳಲಿಲ್ಲ. ಅಳು ಬರಬೇಕಾಗಿತ್ತು. ರಂಗದ ಮ್ಯಾಲ ಬೇಕಾದಾಗ ಬರತಿತ್ತು.

ನಿನ್ನ ಕೈಪಿಡಿಯೊಳಗ ಎಲ್ಲಾ ರೋಗಕ್ಕೂ ಏನರೆ ಒಂದು ತಕರಾರು ತಗದಿದ್ದೆ, ಈ ರೋಗದ ಪುಟಕ್ಕ ತಗದಿರಲಿಲ್ಲ. ಈಗ ಹೇಳತೇನಿ, ಸೇರಿಸು. ಹತ್ತಿ ಮುಟ್ಟಿಸಿದಾಗ ಹೂಂ ಅನ್ನು ಅಂತ ರೋಗಿಗೆ ಹೇಳಬಾರದು. ಹೂಂ ಅನ್ನೂದು ಎಲ್ಲಾರಿಗೂ ಬರತೈತಿ. ಎಲ್ಲೆ ಮುಟ್ಟಿದ್ರು ಅನ್ನೂದನ್ನ ಇನ್ನೊಂದು ಕೈಯ ಬೆರಳಿಟ್ಟು ತೋರಸು ಅನ್ನಬೇಕು.

ಟ್ರಂಕು ಕಟ್ಟಿ ಆತು. ನಾಳೆ ಮುಂಜಾನೆ ಮೊದಲನೇ ಮೋಟಾರಿಗೆ ನಾನೂ ಸಾವಂತ್ರಿನೂ ಹಾನಗಲ್ಲಿಗೆ ಬರತೇವಿ. ಬಂದ ಕೂಡ್ಲೆ ಕಣ್ಣು ಮುಚ್ಚಿ ನಿನ್ನ ಮುಂದ ಕುಂದರತೇನಿ. ನೀ ಮುಟ್ಟಕೋತ ಹೋಗು. ತಿಳದಲ್ಲೆ ಬೆರಳು ಇಡತೇನಿ. ತಿಳೀದಲ್ಲೆ ಸುಮ್ಮನ ಇರತೇನಿ.

ಉಳಿವೆಪ್ಪ